ಕಾಡಿನಾಚೆಯ ಮೇಷ್ಟ್ರುಗಳು ಬರೆದ ಕಾರ್ಡು

ಕೊಡಗಿನ ಸಿದ್ದಾಪುರದ ಕಾಫಿ ತೋಟಗಳ ಲೈನ್ ಮನೆಗಳಿಂದ ಸರ್ಕಾರಿ ಶಾಲೆಗೆ ಬರುವ ಮಕ್ಕಳ ಮನೆಮಾತು ಯರವ, ಮಲಯಾಳ, ತಮಿಳು, ಹೀಗೆ ಹತ್ತಾರು. ಕಾಫಿ ಕುಯ್ಲಿನ ಕಾಲದಲ್ಲಿ ಹಾಜರಿಯೂ ತೆಳುವಾಗುತ್ತದೆ. ಕೆಲವು ದಿನ ತಪ್ಪಿಸಿಕೊಂಡ ಮಗು ಮರಳುವ ಹೊತ್ತಿಗೆ ಪಾಠ ಮುಂದೆ ಓಡಿರುತ್ತದೆ. ಆಮೇಲೆ ಉಳಿಯುವುದು ಬಾಯಿಪಾಠವೊಂದೇ. ಇಂಥ ತೊಡಕಿಗೊಂದು ದಾರಿ ಹುಡುಕಿದವರು ನಾಗರಹೊಳೆ ಕಾಡಿನಾಚೆಯ ಎಚ್.ಡಿ. ಕೋಟೆಯ ಮೇಷ್ಟ್ರುಗಳು.

1995ರ ಸುಮಾರಿಗೆ ಆ ತಾಲ್ಲೂಕಿನ ಶಿಕ್ಷಕರ ಗುಂಪೊಂದು ಯುನಿಸೆಫ್ ನೆರವಿನಲ್ಲಿ ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಯಿತು. ಅಲ್ಲಿನ ಹಳ್ಳಿಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು, ಬೇರೆ ಬೇರೆ ವಯಸ್ಸಿನ ಮಕ್ಕಳು, ಪಠ್ಯಪುಸ್ತಕದ ಜಾಗದಲ್ಲಿ ಕಾರ್ಡುಗಳು. ಊರಿಗೆ ಮರಳಿದವರು ಅದನ್ನು ನಕಲು ಮಾಡಲಿಲ್ಲ. ಪಾಠಗಳನ್ನು ಬಿಡಿಬಿಡಿಯಾಗಿ ಬಿಚ್ಚಿದರು, ಯಾವುದು ಬಂದರೆ ಯಾವುದು ಬರುತ್ತದೆಂದು ನೋಡಿದರು, ಮೆಟ್ಟಿಲು ಜೋಡಿಸಿ ಕಲಿಕಾ ಏಣಿ ಕಟ್ಟಿದರು, ಅದಕ್ಕೆ ಕಾರ್ಡುಗಳನ್ನು ತಾವೇ ಬರೆದರು. ನನಗೆ ಇಡೀ ಕಥೆಯಲ್ಲಿ ದೊಡ್ಡದೆನಿಸುವುದು ಇದೇ: ವಿಶ್ಲೇಷಣೆಯನ್ನು ಮಕ್ಕಳಿಗೆ ಕಲಿಸುವ ಮೊದಲು ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು ತಾವೇ ಮಾಡಿದರು. ಹೀಗೆ ಹುಟ್ಟಿದ ವಿಧಾನವೇ ನಲಿ-ಕಲಿ.

ನಲಿ-ಕಲಿ ತರಗತಿಯಲ್ಲಿ ಮಕ್ಕಳು ಐದು ಗುಂಪುಗಳಾಗಿ ಐದು ತಟ್ಟೆಗಳ ಸುತ್ತ ಕೂರುತ್ತಾರೆ. ಒಂದರಲ್ಲಿ ಶಿಕ್ಷಕರ ಪೂರ್ತಿ ನೆರವು, ಇನ್ನೊಂದರಲ್ಲಿ ಜೊತೆಗಾರರದು, ಕೊನೆಯದರಲ್ಲಿ ಸ್ವಕಲಿಕೆ. ರಜೆ ಹಾಕಿ ಬಂದ ಮಗು ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಹತ್ತುತ್ತದೆ. ಗೋಡೆಯ ಹವಾಮಾನ ನಕ್ಷೆಯಲ್ಲಿ ಇವತ್ತು ಬಿಸಿಲೋ ಮೋಡವೋ ಮಳೆಯೋ ಎಂದು ಮಕ್ಕಳೇ ಗುರುತು ಹಾಕುತ್ತಾರೆ. ನೋಡು, ಗುರುತಿಸು, ಎಣಿಸು, ಹೋಲಿಸು: ಆರು ವರ್ಷದ ಮಗುವಿಗೆ ಯೋಚನೆಯ ಅಭ್ಯಾಸ ಇಲ್ಲಿಂದಲೇ ಶುರು.

2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೆಯ ತರಗತಿಗೂ ಆಮೇಲೆ ಮೂರನೆಯದಕ್ಕೂ ಬಂತು. ಹರಡಿದ್ದು ಒಳ್ಳೆಯದೇ. ಆದರೆ ಕಾರ್ಡು ಅಚ್ಚಾಗಿ ಮೇಲಿನಿಂದ ಬರತೊಡಗಿತು, ಬರೆದ ಮೇಷ್ಟ್ರು ಹಂಚುವ ಮೇಷ್ಟ್ರಾದರು. ಈ ನಷ್ಟದ ಬಗ್ಗೆ ನನಗೆ ಸಿಟ್ಟಿದೆ. ಒಂದು ಉದಾಹರಣೆ: ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ಕಾಫಿ ಹೂವಾಗಿ ತೋಟವೆಲ್ಲ ಬೆಳ್ಳಗಾಗುವುದು ಸಿದ್ದಾಪುರದ ಪ್ರತಿ ಮಗುವಿಗೂ ಗೊತ್ತು. ಮಳೆಯ ದಿನ ಬರೆದಿಟ್ಟು, ಹೂವಿನ ದಿನ ಬರೆದಿಟ್ಟು, ನಡುವಿನ ಅಂತರ ಎಣಿಸಿ, ಮಳೆ ಕಡಿಮೆ ಬಿದ್ದ ಕಡೆ ಏನಾಯಿತೆಂದು ಕೇಳುವ ಕಾರ್ಡನ್ನು ಬೆಂಗಳೂರಿನಲ್ಲಿ ಕೂತವರು ಬರೆಯಲಾರರು. ಶಿಕ್ಷಕರಿಗೆ ತರಬೇತಿ ಕೊಡುವ ಕೊಡಗಿನ ಜಿಲ್ಲಾ ಸಂಸ್ಥೆ ಡಯಟ್ ಕೂಡಿಗೆಯಲ್ಲೇ ಇದೆ. ತೋಟದ ಶಾಲೆಗಳ ಶಿಕ್ಷಕರನ್ನು ಈ ಬೇಸಿಗೆಯಲ್ಲಿ ಅಲ್ಲಿ ಕೂರಿಸಿ, ಖಾಲಿ ಕಾರ್ಡುಗಳನ್ನು ಅವರ ಕೈಗೆ ಕೊಡಬೇಕು.