ಮನೆಯ ಜನರೇಟರಿನ ಪಾಲನೆ ಮತ್ತು ಬ್ಯಾಟರಿಯ ವಿಷಯದಲ್ಲಿ ವಹಿಸತಕ್ಕ ಎಚ್ಚರಿಕೆ

ಮಲೆನಾಡಿನಲ್ಲಿ ಮುಂಗಾರು ಬಲವಾದಾಗ ಗಾಳಿಗೆ ಮರಗಳು ತಂತಿಯ ಮೇಲೆ ಉರುಳಿ, ವಿದ್ಯುತ್ತು ಕೆಲವು ವೇಳೆ ದಿನಗಟ್ಟಲೆ ನಿಂತುಹೋಗುವುದು ಎಲ್ಲರಿಗೂ ತಿಳಿದ ವಿಷಯ. ಆದಕಾರಣ ಚಿಕ್ಕಮಗಳೂರು, ಶಿವಮೊಗ್ಗ, ಕೊಡಗು ಮೊದಲಾದ ಜಿಲ್ಲೆಗಳ ತೋಟದ ಮನೆಗಳಲ್ಲಿ ಅನೇಕರು ಜನರೇಟರನ್ನು ಇಟ್ಟುಕೊಂಡಿರುತ್ತಾರೆ. ಬಾವಿಯಿಂದ ನೀರೆತ್ತುವುದಕ್ಕೂ, ಹಾಲು ಕರೆಯುವ ಯಂತ್ರಕ್ಕೂ, ಅಡಕೆ ಸುಲಿಯುವ ಯಂತ್ರಕ್ಕೂ, ರೋಗಿಗಳಿರುವ ಮನೆಯಲ್ಲಿ ಔಷಧವನ್ನು ತಂಪಾಗಿಡುವುದಕ್ಕೂ ಆಗ ಇದೇ ಆಧಾರ. ಆದರೆ ಈ ಯಂತ್ರವು ದುಡಿದು ಕೆಡುವುದಕ್ಕಿಂತ ಸುಮ್ಮನೆ ನಿಂತು ಕೆಡುವುದೇ ಹೆಚ್ಚು. ವರ್ಷವೆಲ್ಲ ಗೂಟದಲ್ಲಿಯೇ ಕಟ್ಟಿದ್ದ ಎತ್ತನ್ನು ಬಿತ್ತನೆಯ ದಿನ ನೊಗಕ್ಕೆ ಹೂಡಿದರೆ ಅದು ಹೇಗೆ ಮಲಗಿಬಿಡುವುದೋ, ಇದೂ ಹಾಗೆಯೇ. ಮೃಗಶಿರಾ ಮಳೆ ಹಿಡಿಯುವುದಕ್ಕೆ ಮುಂಚೆ ಒಮ್ಮೆ ಪೂರ್ಣವಾಗಿ ಪರೀಕ್ಷಿಸಿ, ಅನಂತರ ಈ ಕೆಳಗೆ ಕಾಣಿಸಿರುವ ಕ್ರಮಗಳನ್ನು ತಪ್ಪದೆ ಅನುಸರಿಸತಕ್ಕದ್ದು.

1. ತಿಂಗಳಿಗೊಮ್ಮೆ ನಡೆಯಿಸುವುದು

ತಿಂಗಳಿಗೊಮ್ಮೆಯಾದರೂ ಯಂತ್ರವನ್ನು ಅರ್ಧ ಗಂಟೆಯ ಕಾಲ ನಡೆಯಿಸಬೇಕು. ಬರಿದೇ ನಡೆಯಿಸಿದರೆ ಸಾಲದು. ಅದರ ಶಕ್ತಿಯ ಮೂರನೆಯ ಒಂದು ಪಾಲಿನಷ್ಟಾದರೂ ಕೆಲಸವನ್ನು ಕೊಡಬೇಕು. ಡೀಸೆಲ್ ಎಂಜಿನ್ನು ಭಾರವಿಲ್ಲದೆ ಓಡಿದರೆ ಸಾಕಷ್ಟು ಕಾಯುವುದಿಲ್ಲ. ಪೂರ್ತಿ ಉರಿಯದ ಎಣ್ಣೆಯು ಹೊಗೆಕೊಳವೆಯಲ್ಲಿ ಜಿಡ್ಡಾಗಿ ಕಟ್ಟುತ್ತದೆ.

2. ಇಂಧನ, ಎಣ್ಣೆ ಮತ್ತು ಗಾಳಿಯ ಫಿಲ್ಟರು

ಪೆಟ್ರೋಲು ಕೆಲವು ತಿಂಗಳು ನಿಂತರೆ ಅಂಟಾಗಿ ಕಾರ್ಬುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಈಗ ದೊರೆಯುವ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಅದು ತೇವವನ್ನೂ ಹೀರುತ್ತದೆ. ದೀರ್ಘಕಾಲ ಉಪಯೋಗಿಸದಿದ್ದರೆ ತೊಟ್ಟಿಯನ್ನೂ ಕಾರ್ಬುರೇಟರನ್ನೂ ಬರಿದು ಮಾಡಿಡುವುದು ಯುಕ್ತ. ಡೀಸೆಲ್ಲಿನ ತೊಟ್ಟಿಯನ್ನು ತುಂಬಿಯೇ ಇಡಬೇಕು. ಬರಿದಾದ ಭಾಗದಲ್ಲಿ ಗಾಳಿಯ ತೇವವು ನೀರಾಗಿ ತಳದಲ್ಲಿ ನಿಲ್ಲುತ್ತದೆ. ಹೀಗೆ ನಿಂತ ನೀರನ್ನು ಆಗಾಗ್ಗೆ ಹೊರಕ್ಕೆ ಬಿಡತಕ್ಕದ್ದು. ಎಂಜಿನ್ನು ಬಿಸಿಯಾಗಿರುವಾಗ ಇಂಧನವನ್ನು ತುಂಬಕೂಡದು.

ಪ್ರತಿಸಲವೂ ನಡೆಯಿಸುವ ಮುನ್ನ ಎಂಜಿನ್ ಆಯಿಲಿನ ಮಟ್ಟವನ್ನು ಕಡ್ಡಿಯಿಂದ ನೋಡಬೇಕು. ಹೊಸ ಚಿಕ್ಕ ಪೆಟ್ರೋಲ್ ಎಂಜಿನ್ನಿನಲ್ಲಿ ಸಾಧಾರಣವಾಗಿ ಮೊದಲ 20 ಗಂಟೆಗಳ ದುಡಿಮೆಯ ನಂತರವೂ, ಆಮೇಲೆ 100 ಗಂಟೆಗಳಿಗೊಮ್ಮೆಯೂ ಅದನ್ನು ಬದಲಾಯಿಸುತ್ತಾರೆ. ಅಷ್ಟು ನಡೆಯದಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸಬೇಕು. ಯಂತ್ರದೊಡನೆ ಬಂದ ಪುಸ್ತಿಕೆಯಲ್ಲಿ ಬೇರೆ ಲೆಕ್ಕವಿದ್ದರೆ ಅದೇ ಪ್ರಮಾಣ. ಗಾಳಿಯ ಫಿಲ್ಟರಿನಲ್ಲಿ ಇಲಿ, ಇರುವೆಗಳು ಗೂಡು ಮಾಡಿವೆಯೋ, ತಂತಿಗಳನ್ನು ಇಲಿ ಕಡಿದಿದೆಯೋ ಎಂಬುದನ್ನೂ ನೋಡಬೇಕು.

3. ಬ್ಯಾಟರಿಯ ಪೋಷಣೆ

ಬೇಕಾದ ವೇಳೆಯಲ್ಲಿ ಜನರೇಟರು ಏಳದಿರುವುದಕ್ಕೆ ಬಹುಮಟ್ಟಿಗೆ ಬ್ಯಾಟರಿಯೇ ಕಾರಣ. ಉಪಯೋಗಿಸದೆ ಇಟ್ಟರೂ ಅದರ ಶಕ್ತಿಯು ತಾನಾಗಿಯೇ ಸೋರುತ್ತದೆ. ಸೆಕೆ ಹೆಚ್ಚಿದಷ್ಟೂ ಬೇಗ ಸೋರುತ್ತದೆ. ಬಹುಕಾಲ ಬರಿದಾಗಿ ನಿಂತ ಬ್ಯಾಟರಿಯೊಳಗಿನ ಸೀಸದ ಫಲಕಗಳ ಮೇಲೆ ಗಟ್ಟಿಯಾದ ಪೊರೆ ಕಟ್ಟಿ, ಅದು ಮತ್ತೆ ಪೂರ್ತಿ ತುಂಬುವುದಿಲ್ಲ. ತಿಂಗಳಿಗೊಮ್ಮೆ ಅರ್ಧ ಗಂಟೆ ಯಂತ್ರವನ್ನು ನಡೆಯಿಸಿದ ಮಾತ್ರಕ್ಕೆ ಬ್ಯಾಟರಿ ತುಂಬುವುದೆಂದು ನಂಬಕೂಡದು. ತುಂಬಿದೊಡನೆ ತಾನೇ ಪ್ರವಾಹವನ್ನು ತಗ್ಗಿಸಿಕೊಳ್ಳುವ ಚಾರ್ಜರನ್ನು ಜೋಡಿಸಿಡುವುದು ಉತ್ತಮ.

12 ವೋಲ್ಟಿನ ಬ್ಯಾಟರಿಯನ್ನು ಚಾರ್ಜು ಮಾಡಿ, ಕೆಲವು ಗಂಟೆ ಬಿಟ್ಟು ಅಳೆದರೆ ಸುಮಾರು 12.6 ವೋಲ್ಟು ಇರಬೇಕು. 12.4ಕ್ಕೆ ಇಳಿದರೆ ಮತ್ತೆ ಚಾರ್ಜು ಮಾಡತಕ್ಕದ್ದು. 12ಕ್ಕೆ ಇಳಿದರೆ ಅದು ಬಹುಪಾಲು ಬರಿದಾದಂತೆಯೇ. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಲ್ಲಿ ಫಲಕಗಳು ಯಾವಾಗಲೂ ದ್ರವದಲ್ಲಿ ಮುಳುಗಿರಬೇಕು. ಕಡಮೆಯಾದಲ್ಲಿ ಬಟ್ಟಿ ಇಳಿಸಿದ ನೀರನ್ನು ಮಾತ್ರ ಹಾಕಬೇಕು. ಬಾವಿಯ ನೀರಿನ ಲವಣಗಳು ಬ್ಯಾಟರಿಯನ್ನು ಕೆಡಿಸುತ್ತವೆ. ಆರಿಹೋಗುವುದು ನೀರೇ ಹೊರತು ಆಮ್ಲವಲ್ಲವಾದ್ದರಿಂದ ಆಮ್ಲವನ್ನೂ ಸೇರಿಸಕೂಡದು.

4. ಬ್ಯಾಟರಿಯಿಂದ ಒದಗಬಹುದಾದ ಅಪಾಯಗಳು

ಚಾರ್ಜು ಆಗುವಾಗ ಬ್ಯಾಟರಿಯಿಂದ ಜಲಜನಕವು ಹೊರಡುತ್ತದೆ. ಗಾಳಿಯಲ್ಲಿ ಇದು ನೂರಕ್ಕೆ 4 ಪಾಲು ಸೇರಿದರೂ ಒಂದು ಕಿಡಿಯಿಂದ ಸಿಡಿಯಬಲ್ಲದು. ಸಿಡಿದರೆ ಬ್ಯಾಟರಿಯ ಚೂರುಗಳೂ ಗಂಧಕಾಮ್ಲವೂ ಮುಖಕ್ಕೆ ಎರಚುತ್ತವೆ. ಈ ಅನಿಲವು ಗಾಳಿಗಿಂತ ಹಗುರವಾದ್ದರಿಂದ ಕೋಣೆಯ ಮೇಲ್ಭಾಗದಲ್ಲಿ ಗಾಳಿಕಿಂಡಿ ಇರಬೇಕು. ಬ್ಯಾಟರಿಯ ಬಳಿ ಬೀಡಿ, ಸಿಗರೇಟು, ದೀಪ ಯಾವುದೂ ಕೂಡದು. ದ್ರವದ ಮಟ್ಟವನ್ನು ನೋಡಲು ಬೆಂಕಿಕಡ್ಡಿ ಗೀರುವುದು ಪ್ರಾಣಕ್ಕೇ ಸಂಚಕಾರ. ಚಾರ್ಜರಿನ ಕೊಂಡಿಗಳನ್ನು ಹಾಕುವಾಗಲೂ ತೆಗೆಯುವಾಗಲೂ ಅದರ ಸ್ವಿಚ್ಚನ್ನು ಆರಿಸಿರಬೇಕು.

ತಾನಾಗಿಯೇ ಚಾಲೂ ಆಗುವ ಯಂತ್ರವನ್ನು ಮುಟ್ಟುವ ಮೊದಲು ಅದರ ಸ್ವಿಚ್ಚನ್ನು 'ಆಫ್' ಸ್ಥಾನಕ್ಕೆ ತಿರುಗಿಸಬೇಕು. ಇಲ್ಲವಾದರೆ ಕೈ ಒಳಗಿರುವಾಗಲೇ ಯಂತ್ರವು ತಿರುಗತೊಡಗಬಹುದು. ಕೈಯ ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಟ್ಟು, ಕನ್ನಡಕವನ್ನೂ ರಬ್ಬರಿನ ಕೈಚೀಲಗಳನ್ನೂ ಧರಿಸಬೇಕು. ಬಿಚ್ಚುವಾಗ ಮೊದಲು ಋಣಾಗ್ರದ ತಂತಿ. ಜೋಡಿಸುವಾಗ ಕೊನೆಗೆ ಋಣಾಗ್ರದ ತಂತಿ. ಇದಕ್ಕೆ ಕಾರಣವೇನೆಂದರೆ, ಸಾಮಾನ್ಯವಾಗಿ ಋಣಾಗ್ರವು ಯಂತ್ರದ ಮೈಗೆ ಸೇರಿರುತ್ತದೆ. ಅದು ಜೋಡಿಯಾಗಿರುವಾಗ ಧನಾಗ್ರದ ಮೇಲಿನ ಸ್ಪ್ಯಾನರು ಮೈಗೆ ತಗುಲಿದರೆ ಭಾರಿ ಕಿಡಿ ಹಾರುತ್ತದೆ.

ಆಮ್ಲವು ಕಣ್ಣಿಗೆ ಬಿದ್ದರೆ ತತ್‌ಕ್ಷಣ ಶುದ್ಧ ನೀರಿನಿಂದ 15 ನಿಮಿಷಕ್ಕೆ ಕಡಮೆಯಿಲ್ಲದಂತೆ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಕಣ್ಣಿಗೆ ನೀರಲ್ಲದೆ ಬೇರೇನನ್ನೂ ಹಾಕಬಾರದು. ನೆಲದ ಮೇಲೆ ಚೆಲ್ಲಿದ ಆಮ್ಲಕ್ಕೆ ಅಡಿಗೆ ಸೋಡಾ ಹಾಕಿ ತೊಳೆಯಬಹುದು. ಹಳೆಯ ಬ್ಯಾಟರಿಯನ್ನು ಒಡೆಯದೆ, ಅದರ ದ್ರವವನ್ನು ಕಾಲುವೆಗೆ ಚೆಲ್ಲದೆ, ಮಾರಿದ ಅಂಗಡಿಗೇ ಹಿಂದಿರುಗಿಸಬೇಕು. ಸೀಸವು ಜನಕ್ಕೂ ದನಕ್ಕೂ ವಿಷ.

5. ಹೊಗೆ ಮತ್ತು ತಂತಿ

ಎಂಜಿನ್ನಿನ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿದೆ; ಮಲಗಿದವರು ಎಚ್ಚರಗೊಳ್ಳದೆಯೇ ಸಾಯಬಹುದು. ಮಳೆಯೆಂದು ಯಂತ್ರವನ್ನು ಜಗಲಿಗೋ ಕೊಟ್ಟಿಗೆಗೋ ತರಬಾರದು. ಮನೆಯ ಬಾಗಿಲು ಕಿಟಕಿಗಳಿಂದ 20 ಅಡಿಗೆ ಕಡಮೆಯಿಲ್ಲದ ದೂರದಲ್ಲಿ, ಸುತ್ತಲೂ ತೆರೆದ ಮಾಡಿನ ಕೆಳಗೆ ಇರಿಸಬೇಕು.

ಜನರೇಟರಿನ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವುದು ಘೋರ ಪ್ರಮಾದ. ಮನೆಯ 230 ವೋಲ್ಟಿನ ವಿದ್ಯುತ್ತು ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ ಏರಿ 11,000 ವೋಲ್ಟಿನ ತಂತಿಗೆ ಹರಿಯಬಹುದು. ಅದೇ ವೇಳೆಯಲ್ಲಿ ಮಳೆಯಲ್ಲಿ ನೆನೆಯುತ್ತ ಕಂಬವೇರಿ ತಂತಿ ಕಟ್ಟುತ್ತಿರುವ ಲೈನ್‌ಮನ್ನನ ಪ್ರಾಣವು ಇದರಿಂದ ಹೋಗುತ್ತದೆ. ಆದ್ದರಿಂದ ಪರವಾನಗಿಯುಳ್ಳ ಎಲೆಕ್ಟ್ರೀಷಿಯನ್ನನಿಂದ ಚೇಂಜ್‌ಓವರ್ ಸ್ವಿಚ್ಚನ್ನು ಹಾಕಿಸಿಯೇ ಜನರೇಟರನ್ನು ಉಪಯೋಗಿಸತಕ್ಕದ್ದು.

ಯಂತ್ರವನ್ನು ನಡೆಯಿಸಿದ ದಿನ, ಗಂಟೆ, ಆಯಿಲ್ ಬದಲಾಯಿಸಿದ ದಿನ, ಬ್ಯಾಟರಿಯ ವೋಲ್ಟು ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದು ಯಂತ್ರದ ಬಳಿಯೇ ತೂಗುಹಾಕುವುದು ಲೇಸು. ಮನೆಯ ಯಜಮಾನರು ಊರಲ್ಲಿಲ್ಲದ ರಾತ್ರಿಯೂ ಉಳಿದವರು ಅದನ್ನು ನೋಡಿ, ಭಯವಿಲ್ಲದೆ ಯಂತ್ರವನ್ನು ನಡೆಯಿಸಬಲ್ಲವರಾಗಿರಬೇಕು.