ಎಸ್ಟೇಟ್ ಕೆರೆಯಲ್ಲಿ ಗಾಳ ಎಷ್ಟು ಆಳಕ್ಕೆ?

ದೇರೆಬೈಲಿನ ಓದುಗರೊಬ್ಬರ ಪ್ರಶ್ನೆ ಇದು. ಏಪ್ರಿಲ್ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಚಾರ್ಮಾಡಿ ಹತ್ತಿ, ಮೂಡಿಗೆರೆ ಕಡೆಯ ನೆಂಟರ ಕಾಫಿ ತೋಟಕ್ಕೆ ಹೋಗುವವರಿದ್ದಾರೆ. ತೋಟದ ನಡುವೆ ಒಂದು ಕೆರೆ, ಅದರಲ್ಲಿ ಕಾಟ್ಲಾ, ರೋಹು, ಮೃಗಾಲ್ ಬಿಟ್ಟಿದ್ದಾರೆ. ಕೂಳೂರಿನ ಹೊಳೆಬದಿಯಲ್ಲಿ ಗಾಳ ಹಾಕಿ ಅಭ್ಯಾಸವಿದೆ, ಗುಡ್ಡದ ಕೆರೆ ಮಾತ್ರ ಹೊಸತು. ಯಾವ ಹೊತ್ತಿಗೆ ಕೂರಬೇಕು, ಗಾಳ ಎಷ್ಟು ಆಳಕ್ಕೆ ಇಳಿಸಬೇಕು? ಮೊಬೈಲಿನ ಆ್ಯಪ್ ಒಂದು ಚಂದ್ರನ ಲೆಕ್ಕ ಹಿಡಿದು ಮೀನು ಕಚ್ಚುವ ಗಳಿಗೆ ತೋರಿಸುತ್ತದೆ, ಅದನ್ನು ನಂಬಬಹುದೇ?

ಆ್ಯಪಿನ ವಿಷಯ ಮೊದಲು ಮುಗಿಸುತ್ತೇನೆ. ಇಂಥ ಆ್ಯಪ್‌ಗಳ ಹಿಂದಿರುವುದು ಅಮೆರಿಕದ ಜಾನ್ ಆಲ್ಡೆನ್ ನೈಟ್ 1926ರಲ್ಲಿ ಮುಂದಿಟ್ಟ ‘ಸೋಲೂನಾರ್’ ಎಂಬ ವಾದ. ಕೂಳೂರಿನಲ್ಲಿ ಚಂದ್ರನಿಗೆ ಕೆಲಸವಿದೆ, ಒಪ್ಪೋಣ. ಭರತ ಬಂದರೆ ಫಲ್ಗುಣಿಯ ಬಾಯಿಯಲ್ಲಿ ಉಪ್ಪುನೀರು ಮೇಲೇರುತ್ತದೆ, ಅದರ ಜತೆ ಮೀನೂ ಬರುತ್ತದೆ. ಎರಡು ಮೂರು ಎಕರೆಯ ಕೆರೆಯಲ್ಲಿ ಭರತವೂ ಇಲ್ಲ, ಇಳಿತವೂ ಇಲ್ಲ. ಅಲ್ಲಿ ಮೀನಿನ ದಿನಚರಿಯನ್ನು ನಡೆಸುವುದು ನೀರಿನ ಬಿಸಿ ಮತ್ತು ಅದರಲ್ಲಿ ಕರಗಿದ ಆಮ್ಲಜನಕ. ದುಡ್ಡು ಕೊಟ್ಟು ಆ್ಯಪ್ ಹಾಕಿಸಿಕೊಳ್ಳುವ ಬದಲು ಒಂದು ಥರ್ಮಾಮೀಟರ್ ಕೊಳ್ಳಿ.

ನಮ್ಮ ಘಟ್ಟದಲ್ಲಿ ತಾನಾಗಿ ಆದ ಸರೋವರ ತೀರಾ ಅಪರೂಪ. ಹಿಮಾಲಯದಲ್ಲಿ, ಆಲ್ಪ್ಸ್‌ನಲ್ಲಿ ಹಿಮನದಿಗಳು ಬಂಡೆಯನ್ನು ತೋಡಿ ಬಿಟ್ಟುಹೋದ ಗುಂಡಿಗಳಲ್ಲಿ ನೀರು ನಿಂತಿತು. ಸಹ್ಯಾದ್ರಿಯ ಮೇಲೆ ಹಿಮನದಿ ಹರಿಯಲಿಲ್ಲ. ಬಿದ್ದ ಮಳೆ ಕಡಿದಾದ ಇಳಿಜಾರಿನಲ್ಲಿ ಕಣಿವೆ ಕೊರೆದುಕೊಂಡು ಓಡಿಬಿಡುತ್ತದೆ. ವಯನಾಡಿನ ಪೂಕೋಡ್‌ನಂಥ ಒಂದೆರಡು ಬಿಟ್ಟರೆ ಉಳಿದವೆಲ್ಲ ಮನುಷ್ಯರು ಕಟ್ಟಿದ ಕೆರೆಗಳು. ಚಿಕ್ಕಮಗಳೂರಿನ ಹಿರೇಕೊಳಲೆಯೂ ಹಾಗೆಯೇ, ಸಖರಾಯಪಟ್ಟಣದ ಅಯ್ಯನಕೆರೆಯೂ ಹಾಗೆಯೇ. ಹಿರೇಕೊಳಲೆ ಪೇಟೆಗೆ ಕುಡಿಯುವ ನೀರು ಕೊಡುವ ಕೆರೆ, ಅಲ್ಲಿ ಗಾಳದ ಯೋಚನೆ ಬೇಡ. ಊರ ಕೆರೆಗಳಲ್ಲಿ ಮೀನಿನ ಹಕ್ಕನ್ನು ಸಾಮಾನ್ಯವಾಗಿ ಗುತ್ತಿಗೆಗೆ ಕೊಟ್ಟಿರುತ್ತಾರೆ, ಗುತ್ತಿಗೆದಾರರನ್ನು ಕೇಳದೆ ಇಳಿಯುವಂತಿಲ್ಲ. ನೆಂಟರ ತೋಟದ ಕೆರೆಯಾದರೆ ಆ ತಂಟೆ ಇಲ್ಲ.

ಈಗ ನೀರಿನ ಒಳಗೆ ಹೋಗೋಣ. ಬಚ್ಚಲಮನೆಯ ಹಂಡೆಯನ್ನು ನೆನೆಸಿಕೊಳ್ಳಿ. ಒಲೆಯ ಬೆಂಕಿ ಕೆಳಗಿದೆ. ತಳದ ನೀರು ಕಾದು ಹಗುರಾಗಿ ಮೇಲೇಳುತ್ತದೆ, ಮೇಲಿನ ತಣ್ಣನೆಯದು ಭಾರವಾಗಿ ಕೆಳಗಿಳಿಯುತ್ತದೆ. ಹೀಗೆ ಸುತ್ತುತ್ತ ಸುತ್ತುತ್ತ ಹಂಡೆಯ ನೀರೆಲ್ಲ ಒಂದೇ ಹದಕ್ಕೆ ಬರುತ್ತದೆ. ಅದೇ ಹಂಡೆಗೆ ಬೆಂಕಿಯನ್ನು ಮೇಲಿನಿಂದ ಕೊಟ್ಟರೆ? ಮೇಲಿನ ಒಂದು ಗೇಣು ನೀರು ಸುಡುತ್ತದೆ. ಕಾದದ್ದು ಆಗಲೇ ಮೇಲಿದೆ, ಅದು ಇನ್ನೆಲ್ಲಿಗೆ ಏಳಬೇಕು? ತಳ ತಣ್ಣಗೇ ಉಳಿಯುತ್ತದೆ. ಕೆರೆಗೆ ಬಿಸಿಲು ಬೀಳುವುದು ಮೇಲಿನಿಂದಲೇ. ಗಾಳಿ ಕಲಕಿದಷ್ಟು ಆಳಕ್ಕೆ ಬೆಚ್ಚನೆಯ ಒಂದು ಪದರ, ಅದರ ಕೆಳಗೆ ತಣ್ಣನೆಯ ಇನ್ನೊಂದು, ನಡುವೆ ಬಿಸಿ ಸರ್ರನೆ ಇಳಿಯುವ ತೆಳುವಾದ ಒಂದು ಗಡಿ. ಈ ಗಡಿಗೆ ‘ಥರ್ಮೋಕ್ಲೈನ್’ ಎಂದು 1897ರಲ್ಲಿ ಹೆಸರಿಟ್ಟವರು ಅಮೆರಿಕದ ವಿಸ್ಕಾನ್ಸಿನ್‌ನ ಎಡ್ವರ್ಡ್ ಬರ್ಜ್.

ಚಳಿದೇಶದವರು ಕಟ್ಟಿದ ಈ ಶಾಸ್ತ್ರ ನಮ್ಮಂಥ ಬಿಸಿದೇಶದ ಕೆರೆಗೆ ಹೇಗೆ ಒಪ್ಪುತ್ತದೆ ಎಂದು ಬಹಳ ಕಾಲ ಯಾರೂ ಸರಿಯಾಗಿ ಅಳೆದಿರಲಿಲ್ಲ. ಮೇಲಕ್ಕೂ ತಳಕ್ಕೂ ಮೂರು ನಾಲ್ಕು ಡಿಗ್ರಿಯಷ್ಟೇ ವ್ಯತ್ಯಾಸವಿರುವ ಕಡೆ ಪದರ ನಿಲ್ಲುವುದುಂಟೇ? ಜರ್ಮನಿಯ ಆಗಸ್ಟ್ ಥೀನೆಮಾನ್ ಮತ್ತು ಆಸ್ಟ್ರಿಯಾದ ಫ್ರಾನ್ಜ್ ರುಟ್ನರ್ 1928-29ರಲ್ಲಿ ಜಾವಾ, ಸುಮಾತ್ರಾ, ಬಾಲಿಗಳ ಸರೋವರಗಳನ್ನು ಅಳೆದು ಬಂದರು. ಅಷ್ಟು ಸಣ್ಣ ವ್ಯತ್ಯಾಸದಲ್ಲೂ ಅಲ್ಲಿ ಪದರಗಳು ಗಟ್ಟಿಯಾಗಿ ನಿಂತಿದ್ದವು. ಕಾರಣ ನೀರಿನ ಸ್ವಭಾವದಲ್ಲಿದೆ. ಒಂದು ಘನ ಮೀಟರ್ ನೀರನ್ನು 4 ಡಿಗ್ರಿಯಿಂದ 8ಕ್ಕೆ ಕಾಯಿಸಿದರೆ ಅಷ್ಟೇ ಜಾಗ ತುಂಬುವ ನೀರಿನ ತೂಕ ಸುಮಾರು 125 ಗ್ರಾಂ ಇಳಿಯುತ್ತದೆ. 24ರಿಂದ 28ಕ್ಕೆ ಕಾಯಿಸಿದರೆ ಇಳಿಯುವುದು ಒಂದು ಕಿಲೋಗೂ ಹೆಚ್ಚು. ಅದೇ ನಾಲ್ಕು ಡಿಗ್ರಿ, ಎಂಟು ಪಟ್ಟು ಪರಿಣಾಮ. ನನಗೆ ಇಡೀ ಸರೋವರ ವಿಜ್ಞಾನದಲ್ಲಿ ಇಷ್ಟು ಇಷ್ಟವಾದ ಲೆಕ್ಕ ಇನ್ನೊಂದಿಲ್ಲ. ಮೂಡಿಗೆರೆಯ ಕೆರೆಗೆ ಏಪ್ರಿಲ್‌ನಲ್ಲಿ ಇಳಿದು ಈಜಿದವರು ಸೊಂಟದವರೆಗೆ ಬೆಚ್ಚಗೆ, ಕಾಲಿನ ಹತ್ತಿರ ತಣ್ಣಗೆ ಎಂದು ಹೇಳುವುದರ ಹಿಂದೆ ಇರುವುದೂ ಇದೇ ಲೆಕ್ಕ.

ಮೀನಿಗೆ ಇದರಿಂದ ಏನಾಗುತ್ತದೆ? ಗಾಳಿಯ ಆಮ್ಲಜನಕ ಕರಗುವುದು ಮೇಲಿನ ಪದರಕ್ಕೆ. ತಳದಲ್ಲಿ ಸಿಲ್ವರ್ ಓಕ್ ಎಲೆ, ಕಳೆ, ಕೆಸರು ಕೊಳೆಯುತ್ತ ಇದ್ದಬದ್ದ ಆಮ್ಲಜನಕವನ್ನು ತಿಂದು ಮುಗಿಸುತ್ತವೆ, ಮೇಲಿನಿಂದ ಹೊಸದು ಇಳಿಯುವುದಿಲ್ಲ. ಅದರ ಮೇಲೆ ಬಿಸಿನೀರಿಗೆ ಆಮ್ಲಜನಕ ಹಿಡಿದಿಟ್ಟುಕೊಳ್ಳುವ ಶಕ್ತಿಯೇ ಕಡಿಮೆ. 20 ಡಿಗ್ರಿಯ ನೀರು ಲೀಟರಿಗೆ 9 ಮಿಲಿಗ್ರಾಂ ಹಿಡಿದರೆ 28 ಡಿಗ್ರಿಯದು 8ಕ್ಕಿಂತಲೂ ಕೆಳಗೆ. ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಇಳಿದು ಅದರಲ್ಲೂ ಹತ್ತರಲ್ಲೊಂದು ಪಾಲಿಗೂ ತುಸು ಹೆಚ್ಚೇ ಕೈಬಿಡುತ್ತದೆ. ತೋಟದ ಕೆರೆಗೆ ಇನ್ನೊಂದು ಕಷ್ಟ: ಫೆಬ್ರವರಿ, ಮಾರ್ಚಿನಲ್ಲಿ ಬ್ಲಾಸಂ ಮಳೆ ತಡವಾದರೆ ಸ್ಪ್ರಿಂಕ್ಲರ್‌ಗೆ ನೀರೆತ್ತುತ್ತಾರೆ. ಕೆರೆ ತಗ್ಗುತ್ತದೆ, ಮೀನು ಅಷ್ಟೇ ಇರುತ್ತದೆ.

ಹಾಗಾಗಿ ಏಪ್ರಿಲ್‌ನಲ್ಲಿ ಕೆರೆಯ ನಡುಗುಂಡಿಗೆ ಗಾಳ ಬಿಟ್ಟು ಕೂತರೆ ದಿನವಿಡೀ ಬೆಂಡು ಅಲ್ಲಾಡದೆ ಇರಬಹುದು. ಕಾಟ್ಲಾ ಹೇಗೂ ಮೇಲ್ಪದರದ ಮೀನು, ರೋಹು ನಡುವಿನದು. ಕೆಸರು ಕೆದಕಿ ತಿನ್ನುವ ಮೃಗಾಲ್ ಕೂಡ ಉಸಿರಿಗಾಗಿ ಆಳ ಬಿಟ್ಟು ದಡದ ಕಡೆ ಬಂದಿರುತ್ತದೆ. ಕೊರವ, ಮುಗುಡುಗಳ ಮಾತು ಬೇರೆ. ಅವು ಮೇಲೆ ಬಂದು ಗಾಳಿಯನ್ನೇ ಗುಟುಕರಿಸಬಲ್ಲವು, ಜೊಂಡಿನ ಸಂದಿಯಲ್ಲಿ ನೆಮ್ಮದಿಯಾಗಿರುತ್ತವೆ. ಎರಡು ಮೂರು ಅಡಿಯಿಂದ ಶುರುಮಾಡಿ, ಗಾಳಿ ಯಾವ ದಡಕ್ಕೆ ಬೀಸುತ್ತಿದೆಯೋ ಅಲ್ಲಿ ಕೂರಿ. ಮೀನಿನ ಸಣ್ಣ ಆಹಾರವೆಲ್ಲ ತೇಲಿ ಅಲ್ಲಿ ಸೇರಿರುತ್ತದೆ.

ನಸುಕಿಗೇ ಹೋಗಬೇಕೆಂಬ ನಂಬಿಕೆಯನ್ನು ಇಲ್ಲಿ ಸ್ವಲ್ಪ ತಿದ್ದಬೇಕು. ಹಸಿರುಗಟ್ಟಿದ ಕೆರೆಯಲ್ಲಿ ಪಾಚಿ ಹಗಲೆಲ್ಲ ಆಮ್ಲಜನಕ ಬಿಡುತ್ತದೆ, ರಾತ್ರಿಯೆಲ್ಲ ತಾನೇ ಉಸಿರಾಡಿ ಅದನ್ನು ಖರ್ಚುಮಾಡುತ್ತದೆ. ಸೂರ್ಯ ಹುಟ್ಟುವ ಮುಂಚೆ ನೀರು ಅತಿ ಬಡವಾಗಿರುತ್ತದೆ. ಆಗ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿರುವುದನ್ನು ಕಂಡು ಹಸಿದಿವೆ ಎಂದುಕೊಳ್ಳಬೇಡಿ. ಅವು ಉಸಿರಿಗೆ ಒದ್ದಾಡುತ್ತಿವೆ, ಹಿಂಡಿ ತೌಡಿನ ಉಂಡೆಯನ್ನು ಮೂಸಿಯೂ ನೋಡುವುದಿಲ್ಲ. ಅಂಥ ಕೆರೆಯಲ್ಲಿ ಸಂಜೆ ನಾಲ್ಕರ ಮೇಲೆ ಹೋಗಿ. ತಿಳಿನೀರಿನ ಕೆರೆಯಾದರೆ ಬೆಳಗೂ ಆದೀತು.

ಅಶ್ವಿನಿ, ಭರಣಿಯ ಗುಡುಗುಮಳೆ ಜೋರಾಗಿ ಹೊಡೆದ ಮರುದಿನವಂತೂ ಹೋಗಲೇಬೇಡಿ. ತಣ್ಣನೆಯ ಮಳೆನೀರು, ಬಿರುಗಾಳಿ ಸೇರಿ ಪದರಗಳನ್ನು ಒಡೆದರೆ ತಳದ ಉಸಿರಿಲ್ಲದ ನೀರು ಮೇಲಕ್ಕೆ ಬರುತ್ತದೆ. ಬೆಳಗಾಗುವುದರೊಳಗೆ ಮೀನು ಹೊಟ್ಟೆ ಮೇಲಾಗಿ ತೇಲುವುದುಂಟು. ಯಾರೋ ವಿಷ ಹಾಕಿದರು ಎಂದು ನೆರೆಕರೆಯವರ ಮೇಲೆ ಗುಮಾನಿ ಹುಟ್ಟುವುದೂ ಇಂಥ ಹೊತ್ತಿನಲ್ಲೇ. 1996ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ಕಪಿಲಾ ಹೊಳೆಯ ದೇವರ ಮೀನುಗಳಿಗೆ ನಿಜಕ್ಕೂ ವಿಷವನ್ನೇ ಹಾಕಿದ್ದರು, ಅದು ಬೇರೆ. ಕೆರೆಯಲ್ಲಿ ಮಾತ್ರ ಮೊದಲು ಮಳೆಯನ್ನು ಅನುಮಾನಿಸಿ.

ಹೋಗುವ ದಾರಿಯಲ್ಲಿ ಚಾರ್ಮಾಡಿಯ ಹಳ್ಳಗಳು ಸಿಗುತ್ತವೆ, ಮಕ್ಕಳು ಅಲ್ಲೇ ಗಾಳ ಹಾಕೋಣ ಎನ್ನಬಹುದು. ಬೇಡ. ಘಟ್ಟದ ಅಸಲು ಮೀನುಗಳಿರುವುದು ಈ ಹರಿಯುವ, ಉಸಿರು ತುಂಬಿದ ನೀರಿನಲ್ಲಿ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಇಲ್ಲಿನ ಹೊಳೆಗಳಲ್ಲಿ ಗಾಳ ಹಾಕುತ್ತ, ಮೀನುಗಳ ಗುಣ ಗಮನಿಸುತ್ತ ಬರೆದ ‘ದ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಪ್ರಕಟವಾಯಿತು. ಭಾರತದ ಗಾಳದ ಸಾಹಿತ್ಯದಲ್ಲಿ ದೊಡ್ಡ ಹೆಸರಿನ ಪುಸ್ತಕ ನಮ್ಮ ಊರಿನದು ಎಂಬುದು ಇಲ್ಲಿ ಎಷ್ಟು ಜನಕ್ಕೆ ಗೊತ್ತಿದೆ? ಮರುವರ್ಷ ಫ್ರಾನ್ಸಿಸ್ ಡೇ ಈ ಜಿಲ್ಲೆಯ ಕೆಂಪು ಬಣ್ಣದ ಒಂದು ಗೆಂಡೆ ಮೀನಿಗೆ ಥಾಮಸ್ ಹೆಸರನ್ನೇ ಇಟ್ಟರು. ಇಂದಿನ ಹೆಸರು ಹಿಪ್ಸೆಲೊಬಾರ್ಬಸ್ ಥಾಮಸ್ಸಿ. ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅದು ಅಳಿವಿನ ತೀರಾ ಹತ್ತಿರ ನಿಂತ ಜೀವಿಗಳ ಸಾಲಿಗೆ ಸೇರಿದೆ. ಅಂಥ ಮೀನಿರುವ ಜಿಲ್ಲೆಯ ಹಳ್ಳಗಳಲ್ಲಿ ಮೋಜಿಗೆ ಗಾಳ ಹಾಕುವುದು ನನಗೆ ಸರಿಕಾಣುವುದಿಲ್ಲ. ಮನೆಯ ಗಾಜಿನ ತೊಟ್ಟಿಯ ಬಣ್ಣದ ಮೀನನ್ನು ಅಲ್ಲಿ ಬಿಟ್ಟು ಬರುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಕೆರೆ ಮುಟ್ಟಿದ ಮೇಲೆ ಗಾಳ ಬಿಚ್ಚುವ ಮುಂಚೆ ಒಂದು ಪರೀಕ್ಷೆ ಮಾಡಿ, ಮಕ್ಕಳಿಗೂ ಕೆಲಸ ಸಿಗುತ್ತದೆ. ದಪ್ಪ ಗಾಜಿನ ಬಾಟಲಿಗೆ ಕಲ್ಲು ಕಟ್ಟಿ, ಬಾಯಿಗೆ ಬಿರಡೆ ಹಾಕಿ, ಬಾಟಲಿಗೊಂದು ಬಿರಡೆಗೊಂದು ದಾರ ಕಟ್ಟಿ. ದಾರದಲ್ಲಿ ಮೀಟರಿಗೊಂದು ಗಂಟಿರಲಿ. ಬೇಕಾದ ಆಳಕ್ಕೆ ಇಳಿಸಿ ಬಿರಡೆಯ ದಾರವನ್ನು ಜಗ್ಗಿದರೆ ಆ ಆಳದ ನೀರೇ ತುಂಬುತ್ತದೆ. ಬೇಗ ಎಳೆದುಕೊಂಡು ಥರ್ಮಾಮೀಟರ್ ಅದ್ದಿ, ಬಾಟಲಿಯ ಬಾಯಿ ಮೂಸಿ. ಯಾವ ಗಂಟಿನಲ್ಲಿ ಬಿಸಿ ಒಮ್ಮೆಲೇ ಇಳಿಯಿತೋ ಅದು ಗಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ಆಳದಲ್ಲಿ ಮೀನಿಗೆ ಉಸಿರಿಲ್ಲ. ಗಾಳವನ್ನು ಅಲ್ಲಿಂದ ಕನಿಷ್ಠ ಒಂದು ಗಂಟು ಮೇಲೆ ನಿಲ್ಲಿಸಿ.