ಸೋದರಮಾವನ ಮಗಳು, ತೋಟದ ಸಸಿಗಳು

ಚಾರ್ಲ್ಸ್ ಡಾರ್ವಿನ್ 1839ರ ಜನವರಿಯಲ್ಲಿ ಕೈಹಿಡಿದದ್ದು ಸೋದರಮಾವನ ಮಗಳು ಎಮ್ಮಾ ವೆಜ್‌ವುಡ್‌ಳನ್ನು. ಅದಕ್ಕೆ ಸುಮಾರು ಒಂದೂವರೆ ವರ್ಷ ಮೊದಲೇ ಅವನ ಅಕ್ಕ ಕ್ಯಾರೊಲಿನ್ ಎಮ್ಮಾಳ ಅಣ್ಣನ ಹೆಂಡತಿಯಾಗಿದ್ದಳು. ಕೊಟ್ಟು ತರುವ ಈ ಪದ್ಧತಿ ನಮ್ಮ ಎಷ್ಟೋ ಮನೆಗಳಿಗೆ ಪರಿಚಿತವೇ.

1842ರಲ್ಲಿ ದಂಪತಿ ಲಂಡನ್ ಬಿಟ್ಟು ಕೆಂಟ್ ಸೀಮೆಯ ಡೌನ್ ಹಳ್ಳಿಗೆ ಬಂದರು. ಹುಟ್ಟಿದ ಹತ್ತು ಮಕ್ಕಳಲ್ಲಿ ಮೂವರು ಎಳವೆಯಲ್ಲೇ ಹೋದರು. ಅಚ್ಚುಮೆಚ್ಚಿನ ಮಗಳು ಆ್ಯನಿ 1851ರಲ್ಲಿ, ಹತ್ತರ ವಯಸ್ಸಿನಲ್ಲಿ ತೀರಿಕೊಂಡಳು. ಲಿನಿಯನ್ ಸೊಸೈಟಿ ಎಂಬ ವಿಜ್ಞಾನ ಸಂಘದಲ್ಲಿ ಜೀವವಿಕಾಸದ ಬಗ್ಗೆ ಡಾರ್ವಿನ್ ಮತ್ತು ಜೀವವಿಜ್ಞಾನಿ ವಾಲೇಸರ ಬರಹಗಳನ್ನು ಓದಿದ 1858ರ ಜುಲೈ 1ರಂದು ಡಾರ್ವಿನ್ ಸಭೆಯಲ್ಲಿರಲಿಲ್ಲ. ಮೂರು ದಿನ ಹಿಂದಷ್ಟೇ ಇನ್ನೂ ಎರಡು ವರ್ಷ ತುಂಬದ ಕೊನೆಯ ಮಗನನ್ನು ಕಳೆದುಕೊಂಡಿದ್ದ.

ಉಳಿದ ಮಕ್ಕಳಲ್ಲೂ ಕೆಲವರು ಪದೇಪದೇ ಕಾಯಿಲೆ ಬೀಳುತ್ತಿದ್ದರು. ತನ್ನನ್ನು ವರ್ಷಗಳಿಂದ ಕಾಡುತ್ತಿದ್ದ ಕಾಯಿಲೆ ಮಕ್ಕಳಿಗೆ ಇಳಿಯಿತೇ, ರಕ್ತಸಂಬಂಧದಲ್ಲಿ ಮದುವೆಯಾದದ್ದು ತಪ್ಪಾಯಿತೇ ಎಂಬ ಕೊರಗು ತಂದೆಯನ್ನು ಬಿಡಲಿಲ್ಲ. ಹೂಗಳ ಪರಾಗಸ್ಪರ್ಶದ ಬಗ್ಗೆ ಅವನಿಗೆ ಮದುವೆಗೆ ಮುಂಚಿನಿಂದಲೂ ಕುತೂಹಲವಿತ್ತು, ನಿಜ. ಆದರೆ ಹನ್ನೊಂದು ವರ್ಷ ಒಂದೇ ಪ್ರಯೋಗಕ್ಕೆ ಅಂಟಿಕೊಳ್ಳುವ ಹಟವನ್ನು ಬರಿಯ ಕುತೂಹಲ ಕೊಟ್ಟಿತೆಂದು ನನಗನಿಸುವುದಿಲ್ಲ.

ಆ ಪ್ರಯೋಗ ಶುರುವಾದದ್ದು ಆಕಸ್ಮಿಕವಾಗಿ. ಬೇರೊಂದು ಉದ್ದೇಶಕ್ಕಾಗಿ ಅವನು ಲಿನೇರಿಯಾ ಗಿಡದ ಬೀಜಗಳನ್ನು ಎರಡು ಪಾತಿಗಳಲ್ಲಿ ಬಿತ್ತಿದ್ದ. ಒಂದರಲ್ಲಿ ಸ್ವಂತ ಪರಾಗದಿಂದ ಕಟ್ಟಿದ ಬೀಜ, ಇನ್ನೊಂದರಲ್ಲಿ ಬೇರೆ ಗಿಡದ ಪರಾಗದಿಂದ ಕಟ್ಟಿದ ಬೀಜ. ಹತ್ತಿರದ ಕೂಡಿಕೆಯ ಕೆಡುಕು ಹಲವು ತಲೆಮಾರು ಕಳೆದ ಮೇಲಷ್ಟೇ ಕಾಣಿಸುತ್ತದೆ ಎಂದು ನಂಬಿದ್ದವನಿಗೆ ಮೊದಲ ತಲೆಮಾರಿನಲ್ಲೇ ಅಚ್ಚರಿ ಕಾದಿತ್ತು: ಎರಡನೆಯ ಪಾತಿಯ ಗಿಡಗಳು ಕಣ್ಣಿಗೆ ಹೊಡೆಯುವಷ್ಟು ಎತ್ತರವಾಗಿ, ಸೊಂಪಾಗಿ ಬೆಳೆದಿದ್ದವು. ಅಲ್ಲಿಂದ ಮುಂದೆ ಕೆಲಸ ಕಟ್ಟುನಿಟ್ಟಾಯಿತು. ಜೇನ್ನೊಣ ಬಾರದಂತೆ ಗಿಡಗಳಿಗೆ ಬಲೆ ಹೊದಿಸಿ, ಕೈಯಿಂದಲೇ ಪರಾಗ ಹಚ್ಚಿದ. ಒಟ್ಟಿಗೆ ಮೊಳೆತ ಬೀಜಗಳನ್ನು ಜೋಡಿ ಮಾಡಿ, ಒಂದೇ ಕುಂಡದ ಎರಡು ಬದಿಗೆ ನೆಟ್ಟ. ಮಣ್ಣು, ನೀರು, ಬೆಳಕು ಎಲ್ಲವೂ ಸಮ; ಬೇರೆಯಿದ್ದದ್ದು ತಂದೆಯ ಕಡೆ ಮಾತ್ರ. ಹತ್ತು ತಲೆಮಾರು ಅಳೆದ ಮಾರ್ನಿಂಗ್ ಗ್ಲೋರಿ ಬಳ್ಳಿಯಲ್ಲಿ ಹೊರಗಿನ ಪರಾಗದ ಸಂತಾನದ ಎತ್ತರ 100 ಎಂದರೆ, ಸ್ವಂತ ಪರಾಗದ್ದು ಸರಾಸರಿ 77. ಇಂಥ ಲೆಕ್ಕವನ್ನು ಐವತ್ತಕ್ಕೂ ಹೆಚ್ಚು ಜಾತಿಯ ಗಿಡಗಳಿಗೆ ಇಟ್ಟ. ಪ್ರತಿ ಅಂಕಿಯನ್ನು ಬರೆದುಕೊಳ್ಳುವಾಗ ಕಾಯಿಲೆ ಬಿದ್ದ ತನ್ನ ಮಕ್ಕಳ ನೆನಪು ಆ ಮನುಷ್ಯನಿಗೆ ಬಾರದೆ ಇದ್ದೀತೆ?

ಗಿಡದ ಉತ್ತರ ಮನುಷ್ಯನಿಗೂ ಸಲ್ಲುವುದೇ? ಇದನ್ನು ಅರಿಯಲು 1870ರಲ್ಲಿ ನೆರೆಯವನೂ ಸಂಸದನೂ ಆಗಿದ್ದ ಜಾನ್ ಲಬ್ಬಕ್‌ನ ಮೂಲಕ, ಮರುವರ್ಷದ ಜನಗಣತಿಯಲ್ಲಿ ಸೋದರಿಕೆ ಮದುವೆಗಳ ಪ್ರಶ್ನೆ ಸೇರಿಸಲು ಯತ್ನಿಸಿದ. ಪಾರ್ಲಿಮೆಂಟ್ ಒಪ್ಪಲಿಲ್ಲ.

ಆಗ ಕೆಲಸವನ್ನು ಕೈಗೆತ್ತಿಕೊಂಡವನು ಗಣಿತ ಬಲ್ಲ ಮಗ ಜಾರ್ಜ್, ಮನೆಯ ಕಾಯಿಲೆಯ ಮಕ್ಕಳಲ್ಲಿ ತಾನೂ ಒಬ್ಬನಾಗಿದ್ದವನು. ಮದುವೆಯ ಪ್ರಕಟಣೆಗಳನ್ನು ಜಾಲಾಡಿದ. ಮಾನಸಿಕ ರೋಗಿಗಳ ಆಸ್ಪತ್ರೆಗಳಿಂದ ಮಾಹಿತಿ ತರಿಸಿದ. ಕೆಡುಕು ಇದ್ದರೂ ಅದು ಬಹಳ ಸಣ್ಣದು ಎಂದು 1875ರಲ್ಲಿ ಬರೆದ. ಮರುವರ್ಷ ಹೊರಬಂದ ತನ್ನ ಪರಾಗಸ್ಪರ್ಶದ ಗ್ರಂಥದಲ್ಲಿ ಡಾರ್ವಿನ್ ಮಗನ ಈ ತೀರ್ಮಾನವನ್ನೂ ಸೇರಿಸಿದ. ದಂಪತಿಯ ಹಿರಿಯರು ಬೇರೆ ಬೇರೆ ಪರಿಸರದಲ್ಲಿ ಬಾಳಿದವರಾಗಿದ್ದರೆ ಅಪಾಯ ಇನ್ನೂ ಕಡಿಮೆಯಾಗುತ್ತದೆ ಎಂಬ ತನ್ನ ಮಾತನ್ನೂ ಅದರ ಪಕ್ಕಕ್ಕೇ ಇಟ್ಟ.